ಜಂತೆಯಡಿ ತಿರುಗುವ ಗಾಲಿ

ಅಗ್ಗಿಷ್ಟಿಕೆಯ ಚಿತ್ರವೆಂದು ಇದನ್ನು ನೋಡಲು ಹೊರಟವರು ಮೊದಲು ತಲೆಯೆತ್ತಬೇಕು. ಕೆಳಗೆ ಬೆಂಕಿ ಉರಿಯುತ್ತಿದೆ. ಅದರೆದುರು ಸರಳಿಗೆ ಚುಚ್ಚಿದ ಮಾಂಸ ಬೇಯುತ್ತಿದೆ. ಸುತ್ತ ಅಡುಗೆಮನೆಯ ಗಡಿಬಿಡಿ, ಜಂತೆಗಳಿಂದ ಜೋತುಬಿದ್ದ ಸಾಮಾನು. ಇವೆಲ್ಲಕ್ಕಿಂತ ಎತ್ತರದಲ್ಲಿ, ಚಾವಣಿಗೆ ಹತ್ತಿರವಾಗಿ, ಗೋಡೆಗೆ ಕೂರಿಸಿದ ಒಂದು ಮರದ ಗಾಲಿ. ಗಾಲಿಯೊಳಗೆ ಒಂದು ನಾಯಿ. ನಾಯಿ ಓಡಿದಂತೆ ಗಾಲಿ ತಿರುಗುತ್ತದೆ, ಗಾಲಿ ತಿರುಗಿದಂತೆ ಸರಳು ತಿರುಗುತ್ತದೆ, ಸರಳು ತಿರುಗಿದಂತೆ ಮಾಂಸ ಎಲ್ಲ ಮಗ್ಗುಲಿಗೂ ಸಮನಾಗಿ ಬೇಯುತ್ತದೆ. ನಾಯಿ ಎಷ್ಟು ಓಡಿದರೂ ಇದ್ದಲ್ಲಿಯೇ ಇರುತ್ತದೆ.

ಬರೆದವನು ಟಾಮಸ್ ರೋಲಂಡ್‌ಸನ್. ಸ್ಥಳ ವೇಲ್ಸ್‌ನ ನೈರುತ್ಯಕ್ಕಿರುವ ನ್ಯೂಕಾಸಲ್ ಎಮ್ಲಿನ್ ಎಂಬ ಸಣ್ಣ ಊರು, ಅಲ್ಲಿನ ಪ್ರಯಾಣಿಕರ ತಂಗುಮನೆಯೊಂದರ ಅಡುಗೆಕೋಣೆ. ವರ್ಷ 1797. ಚಿತ್ರದ ಅಚ್ಚು ಅವನ ಗೆಳೆಯ ಹೆನ್ರಿ ವಿಗ್‌ಸ್ಟೆಡ್ ಬರೆದ ವೇಲ್ಸ್ ಪ್ರವಾಸದ ಪುಸ್ತಕದಲ್ಲಿ 1800ರಲ್ಲಿ ಹೊರಬಂತು. ಹದಿನೆಂಟನೆಯ ಶತಮಾನದ ಕಲಾವಿದರು ಬೆಂಕಿಯ ಬದಿಯ ಎಷ್ಟೋ ಒಳಾಂಗಣಗಳನ್ನು ಬರೆದಿದ್ದಾರೆ. ತೊಟ್ಟಿಲ ಪಕ್ಕದ ತಾಯಿ, ಕಥೆ ಹೇಳುವ ಮುದುಕ, ಓದುತ್ತ ಕುಳಿತ ಹುಡುಗಿ, ಮಲಗಿದ ಬೆಕ್ಕು ಇಂಥವೇ ಹೆಚ್ಚು. ಬೆಚ್ಚಗಿರುವುದು ಅವುಗಳ ವಸ್ತು. ಬೆಚ್ಚಗಿರಿಸಲು, ಬೇಯಿಸಲು ಯಾರೋ ದುಡಿಯುತ್ತಿರುತ್ತಾರೆ ಎಂಬುದು ಅಲ್ಲಿ ಚೌಕಟ್ಟಿನ ಆಚೆ ಉಳಿಯುತ್ತದೆ. ರೋಲಂಡ್‌ಸನ್ ಆ ದುಡಿಮೆಯನ್ನು ಒಳಗೆ ತಂದು ಎಲ್ಲರ ತಲೆಯ ಮೇಲೆ ಕೂರಿಸಿದ. ನನ್ನ ಮಟ್ಟಿಗೆ ಈ ಹಾಳೆ ದೊಡ್ಡದಾಗುವುದು ಅದರಿಂದಲೇ.

ಇಬ್ಬರು ಲಂಡನ್ ಗೆಳೆಯರು ವೇಲ್ಸ್‌ನ ಕಡೆ ಮುಖ ಮಾಡಿದ್ದಕ್ಕೆ ಕಾರಣ ಯುದ್ಧ. 1793ರಿಂದ ಬ್ರಿಟನ್ ಮತ್ತು ಫ್ರಾನ್ಸ್ ಕಾದಾಡುತ್ತಿದ್ದವು. ಇಂಗ್ಲಿಷ್ ಶ್ರೀಮಂತರು ಪ್ಯಾರಿಸ್, ರೋಮ್ ಎಂದು ಹೋಗುವ ದಾರಿ ಮುಚ್ಚಿತ್ತು. ಅದಕ್ಕೂ ಮೊದಲೇ, 1782ರಲ್ಲಿ, ಪಾದ್ರಿ ವಿಲಿಯಂ ಗಿಲ್ಪಿನ್ ವೈ ನದಿಯ ದಂಡೆಯ ಪ್ರವಾಸ ಕುರಿತು ಪುಸ್ತಕ ಪ್ರಕಟಿಸಿ, ಪ್ರಕೃತಿಯನ್ನು ಚಿತ್ರದಂತೆ ನೋಡುವುದು ಹೇಗೆಂದು ಹೇಳಿಕೊಟ್ಟಿದ್ದ. ಪಾಳುಬಿದ್ದ ಕೋಟೆ, ಕಮರಿ, ಜಲಪಾತ, ಮಂಜು ಮುಸುಕಿದ ಬೆಟ್ಟ ಹುಡುಕಿಕೊಂಡು ವೇಲ್ಸ್‌ಗೆ ಹೋಗುವುದು ಆಮೇಲೆ ಫ್ಯಾಶನ್ ಆಯಿತು. ಗೆಳೆಯರು ಹೊರಟಿದ್ದು ಆಗಸ್ಟ್‌ನಲ್ಲಿ. ಅದೇ ವರ್ಷದ ಫೆಬ್ರುವರಿ 22ರಂದು ಸುಮಾರು 1,400 ಫ್ರೆಂಚ್ ಪಡೆಯವರು ಫಿಶ್‌ಗಾರ್ಡ್ ಬಳಿಯ ಕಡಲತೀರದಲ್ಲಿ ಇಳಿದು, ಎರಡೇ ದಿನದಲ್ಲಿ ಶರಣಾಗಿದ್ದರು. ಬ್ರಿಟನ್ನಿನ ನೆಲದ ಮೇಲೆ ಶತ್ರುಸೇನೆ ಇಳಿದದ್ದು ಅದೇ ಕೊನೆ. ಫಿಶ್‌ಗಾರ್ಡ್‌ನಿಂದ ನ್ಯೂಕಾಸಲ್ ಎಮ್ಲಿನ್ ದೂರವೇನಲ್ಲ. ಆ ಗಾಬರಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಈ ಅಡುಗೆಮನೆಯಲ್ಲಿ ಎಂದಿನಂತೆ ಮಾಂಸ ಬೇಯುತ್ತಿತ್ತು.

ನ್ಯೂಕಾಸಲ್ ಎಮ್ಲಿನ್ ಟೈವಿ ನದಿಯ ತಿರುವಿನಲ್ಲಿದೆ. ಗಿಲ್ಪಿನ್‌ನ ಶಿಷ್ಯರಿಗೆ ಬೇಕಾದ ಹಾಳುಕೋಟೆಯೂ ಅಲ್ಲಿತ್ತು. ನದಿಯ ಆಚೆ ದಡದಲ್ಲಿ 1718ರಲ್ಲಿ ಐಸಾಕ್ ಕಾರ್ಟರ್ ಎಂಬಾತ ಮುದ್ರಣಾಲಯ ತೆರೆದಿದ್ದ. ವೇಲ್ಸ್ ನೆಲದಲ್ಲಿ ಕಾನೂನುಬದ್ಧವಾಗಿ ನೆಲೆನಿಂತ ಮೊದಲ ಅಚ್ಚುಕೂಟ ಅದು. ರೋಲಂಡ್‌ಸನ್ ಆ ಪ್ರವಾಸದಲ್ಲಿ ಕೋಟೆ, ಸೇತುವೆ, ಬೆಟ್ಟಗಳನ್ನೂ ಬರೆದ. ಅವು ಚೆಂದಾಗಿವೆ. ಆದರೆ ಅಂಥವನ್ನು ಬರೆಯುವ ಕೈಗಳು ಆ ಕಾಲದಲ್ಲಿ ಹತ್ತಾರಿದ್ದವು. ಊಟಕ್ಕೆಂದು ಇಳಿದ ಮನೆಯ ಅಡುಗೆಕೋಣೆಗೆ ಕಾಲಿಟ್ಟು, ಅದೂ ನೋಡತಕ್ಕದ್ದು ಎಂದುಕೊಂಡವರು ಕಡಿಮೆ.

ಆ ಗಾಲಿ ಯಾಕೆ ಬೇಕಿತ್ತು ಎಂಬುದಕ್ಕೆ ಅಲ್ಲಿನ ಅಡುಗೆಯ ಕ್ರಮ ತಿಳಿದಿರಬೇಕು. ಆಗ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಮಾಂಸ ಹುರಿಯುತ್ತಿದ್ದದ್ದು ಬೆಂಕಿಯ ಮೇಲೆ ಅಲ್ಲ, ಬೆಂಕಿಯ ಎದುರು. ದೊಡ್ಡ ತುಂಡನ್ನು ಉದ್ದನೆಯ ಕಬ್ಬಿಣದ ಸರಳಿಗೆ ಪೋಣಿಸಿ, ಉರಿಯ ಮುಂದೆ ಅಡ್ಡಲಾಗಿ ಇಟ್ಟು, ಕೆಳಗೆ ಕರಗಿ ಸುರಿಯುವ ಕೊಬ್ಬಿಗೆ ಒಂದು ತಟ್ಟೆ ಇಡುತ್ತಿದ್ದರು. ಸರಳು ಒಂದು ಗಳಿಗೆ ನಿಂತರೂ ಒಂದು ಮಗ್ಗುಲು ಕರಕಾಗಿ ಇನ್ನೊಂದು ಹಸಿಯಾಗಿ ಉಳಿಯುತ್ತದೆ. ಗಂಟೆಗಟ್ಟಲೆ ಬಿಡುವಿಲ್ಲದೆ ತಿರುಗಿಸುತ್ತಲೇ ಇರಬೇಕು. ಹಳೆಯ ಕಾಲದಲ್ಲಿ ಈ ಕೆಲಸ ಹುಡುಗರದ್ದು. ಮನೆಯ ಆಳುಗಳಲ್ಲೇ ಎಲ್ಲರಿಗಿಂತ ಕೆಳಗಿನವನಾದ ಹುಡುಗ ಉರಿಯ ಝಳಕ್ಕೆ ಮೈಯೊಡ್ಡಿ ಕುಳಿತು ಹಿಡಿ ತಿರುಗಿಸುತ್ತಿದ್ದ. ಮುಂದೆ ಎಷ್ಟೋ ಕಡೆ ಹುಡುಗನ ಜಾಗಕ್ಕೆ ನಾಯಿ ಬಂತು.

ಕೇಂಬ್ರಿಜ್‌ನ ವೈದ್ಯ ಜಾನ್ ಕೀಸ್ ಇಂಗ್ಲಿಷ್ ನಾಯಿಗಳ ಕುರಿತು ಲ್ಯಾಟಿನ್‌ನಲ್ಲಿ ಬರೆದ ಪುಸ್ತಕ 1576ರಲ್ಲಿ ಇಂಗ್ಲಿಷಿಗೆ ಬಂತು. ಅದರಲ್ಲೇ ಸರಳು ತಿರುಗಿಸುವ ನಾಯಿಯ ಪ್ರಸ್ತಾಪವಿದೆ. ಉದ್ದ ಮೈ, ಗಿಡ್ಡ ಸೊಟ್ಟಗಾಲು ಇದರ ಲಕ್ಷಣ. ಗಾಲಿಯನ್ನು ಎತ್ತರದಲ್ಲಿ, ಉರಿಯಿಂದ ಆಚೆಗೆ ಕೂರಿಸುತ್ತಿದ್ದರು. ಬೆಂಕಿಗೆ ಹತ್ತಿರವಾದರೆ ನಾಯಿ ಝಳಕ್ಕೆ ಸೋತುಹೋಗುತ್ತದೆ. ಗಾಲಿಯಿಂದ ಸರಳಿಗೆ ಹಗ್ಗವೋ ಸರಪಳಿಯೋ ಇರುತ್ತಿತ್ತು. ಕೆಲಸ ಹೆಚ್ಚಿದ್ದಲ್ಲಿ ಎರಡು ನಾಯಿ ಸಾಕಿ ಪಾಳಿಯ ಮೇಲೆ ಓಡಿಸುತ್ತಿದ್ದರು.

ಎಡ್ವರ್ಡ್ ಜೆಸ್ಸಿ ಎಂಬ ಲೇಖಕ 1846ರಲ್ಲಿ ನಾಯಿಗಳ ಕಥೆಗಳನ್ನು ಕೂಡಿಸಿ ಪುಸ್ತಕ ಮಾಡುವಾಗ ತನ್ನ ಹುಡುಗಾಟದ ದಿನಗಳನ್ನು ನೆನೆದಿದ್ದಾನೆ. ಅವನಿಗೆ ಓದು ಕಲಿಸಿದ ವೇಲ್ಸ್ ಮೂಲದ ಪಾದ್ರಿಯ ಮನೆಯಲ್ಲಿ ಇಂಥ ಎರಡು ನಾಯಿಗಳಿದ್ದವು. ಊಟಕ್ಕೆ ವಿದ್ಯಾರ್ಥಿಗಳು ತುಂಬ ಇದ್ದುದರಿಂದ ಅವಕ್ಕೆ ಕೈತುಂಬ ಕೆಲಸ. ಅವುಗಳ ಮುಖದಲ್ಲಿ ಸಂಶಯವೂ ದುಃಖವೂ ಕಾಣುತ್ತಿತ್ತು, ಹಿಡಿದು ಗಾಲಿಗೆ ಹಾಕುವ ಕ್ಷಣ ಯಾವಾಗ ಬರುತ್ತದೋ ಎಂದು ಸದಾ ಕಾದಿರುವಂತೆ ತೋರುತ್ತಿದ್ದವು ಎಂದು ಅವನು ಬರೆಯುತ್ತಾನೆ.

ವಿಗ್‌ಸ್ಟೆಡ್ ನ್ಯೂಕಾಸಲ್ ಎಮ್ಲಿನ್‌ನ ನಾಯಿಯ ಬಗ್ಗೆ ಬರೆದದ್ದು ಇದಕ್ಕಿಂತ ಸ್ವಾರಸ್ಯ. ಅಡುಗೆಯವಳು ಉಗ್ರಾಣದ ಕಡೆ ಹೋಗುವುದು ಈ ನಾಯಿಯ ಕಣ್ಣಿಗೆ ಬೀಳಬಾರದಂತೆ. ಬಿದ್ದರೆ ಅದು ತಕ್ಷಣ ಎಲ್ಲೋ ಅಡಗಿಕೊಂಡು ದಿನವಿಡೀ ಹೊರಗೆ ಬರುವುದಿಲ್ಲ. ಅತಿಥಿಗಳು ಹುರಿದ ಮಾಂಸದ ಆಸೆ ಬಿಟ್ಟು ಸಿಕ್ಕಿದ್ದರಲ್ಲಿ ತೃಪ್ತಿಪಡಬೇಕು. ವಿಗ್‌ಸ್ಟೆಡ್ ಇದನ್ನು ಪ್ರವಾಸದ ತಮಾಷೆಯಾಗಿ ದಾಖಲಿಸಿದ. ನನಗೆ ಇದು ಆ ಮನೆಯ ಬಗ್ಗೆ ಉಳಿದಿರುವ ಮಾಹಿತಿಗಳಲ್ಲೇ ಹೆಚ್ಚು ಬೆಲೆಯುಳ್ಳದ್ದು. ಉಗ್ರಾಣದ ಬಾಗಿಲಿನಿಂದ ತನ್ನ ಗಾಲಿಯವರೆಗಿನ ಸರಣಿ ಆ ಪ್ರಾಣಿಗೆ ಪೂರ್ತಿ ತಿಳಿದಿತ್ತು. ಮಾಂಸ ಹೊರಬಂದರೆ ಸರಳು, ಸರಳು ಬಂದರೆ ಗಾಲಿ, ಗಾಲಿಯೆಂದರೆ ತಾನು. ಮಾಂಸ ಹೊರಗೆ ಬರುವ ಮೊದಲೇ ಅದು ಸರಣಿಯನ್ನು ತುಂಡರಿಸುತ್ತಿತ್ತು. ಇದನ್ನು ಓದಿಕೊಂಡು ಚಿತ್ರಕ್ಕೆ ಮರಳಿದರೆ ಗಾಲಿಯೊಳಗಿನ ನಾಯಿ ಅಲಂಕಾರವಾಗಿ ಉಳಿಯುವುದಿಲ್ಲ. ಅವತ್ತು ಅದು ಸಿಕ್ಕಿಬಿದ್ದಿದೆ.

ಇನ್ನು ಶಾಯಿಯ ವಿಚಾರ. ಆ ಶತಮಾನದ ಕಲಾವಿದನಿಗೆ ಕಪ್ಪು ಸಿಗುತ್ತಿದ್ದದ್ದು ಮುಖ್ಯವಾಗಿ ಮೂರು ಕಡೆಯಿಂದ. ಮಾಚಿಕಾಯಿಯ ರಸಕ್ಕೆ ಅನ್ನಭೇದಿ, ಗೋಂದು ಬೆರೆಸಿ ಮಾಡುವುದು ಒಂದು. ಬರೆದಾಗ ಮಾಸಲಾಗಿದ್ದು ಗಾಳಿಗೆ ಕಪ್ಪಾಗಿ, ವರ್ಷಗಳು ಕಳೆದಂತೆ ಕಂದಿಗೆ ತಿರುಗಿ, ಕೆಲವೊಮ್ಮೆ ಕಾಗದವನ್ನೇ ತಿಂದುಹಾಕುವ ಶಾಯಿ ಅದು. ಎರಡನೆಯದು ಬಿಸ್ಟರ್. ಸೌದೆ ಒಲೆಯ ಹೊಗೆಗೂಡಿಗೆ ಅಂಟಿದ ಇಲ್ಲಣವನ್ನು ಕೆರೆದು, ನೀರಲ್ಲಿ ಕುದಿಸಿ, ಸೋಸಿ ತೆಗೆದ ಬೆಚ್ಚನೆಯ ಕಂದು ಬಣ್ಣ. ಫ್ರಾನ್ಸ್‌ನ ಫ್ರಾಗೊನಾರ್ ಇಂಥ ಕಂದು ತೊಳೆತದಲ್ಲಿ ಪವಾಡಗಳನ್ನೇ ಮಾಡಿದ್ದಾನೆ. ಮೂರನೆಯದು ಇಂಡಿಯನ್ ಇಂಕ್. ಬರುತ್ತಿದ್ದದ್ದು ಚೀನಾದಿಂದ. ದೀಪದ ಕಾಡಿಗೆಗೆ ಅಂಟು ಸೇರಿಸಿ ಒಣಗಿಸಿದ ಕಡ್ಡಿ, ಕಲ್ಲಿನ ಮೇಲೆ ನೀರಲ್ಲಿ ತೇಯ್ದು ಬಳಸಬೇಕು. ಕಾಡಿಗೆಯಾಗಲಿ ಇಲ್ಲಣವಾಗಲಿ, ಬೆಂಕಿ ಬಿಟ್ಟುಹೋದದ್ದೇ ಬೆಂಕಿಯನ್ನು ಬರೆಯುವ ಬಣ್ಣವಾಗುತ್ತಿತ್ತು.

ರೋಲಂಡ್‌ಸನ್‌ನ ಕೆಲಸದ ಕ್ರಮವನ್ನು ಅವನನ್ನು ಬಲ್ಲವರು ಹೇಳಿಟ್ಟಿದ್ದಾರೆ. ಜೊಂಡಿನ ಲೇಖನಿ. ಇಂಡಿಯನ್ ಇಂಕ್‌ಗೆ ಚೂರು ಹಿಂಗುಳದ ಕೆಂಪು ಬೆರೆಸಿ ಮೊದಲು ಹೊರರೇಖೆ. ಆಮೇಲೆ ನೀರು ಬೆರೆಸಿದ ಶಾಯಿಯಿಂದ ನೆರಳು. ಕೊನೆಗೆ, ಬೇಕೆನಿಸಿದರೆ, ತೆಳುವಾಗಿ ಬಣ್ಣ. ಬಣ್ಣ ಅಲ್ಲಿ ಅತಿಥಿ ಮಾತ್ರ. ಮನೆ ಕಟ್ಟುವುದು ರೇಖೆ. ಜೊಂಡಿನ ಲೇಖನಿ ಒತ್ತಿದರೆ ದಪ್ಪ, ತೇಲಿಸಿದರೆ ಕೂದಲೆಳೆ; ಅವನ ರೇಖೆ ಒಂದೇ ಉಸಿರಿನಲ್ಲಿ ಸುರುಳಿಯಾಗಿ ಹರಿಯುತ್ತದೆ.

ಶಾಯಿಯಲ್ಲಿ ಬೆಂಕಿಯನ್ನು ಬರೆಯುವುದು ತೈಲವರ್ಣದಲ್ಲಿ ಬರೆದಂತಲ್ಲ. ತೈಲದವನ ಹತ್ತಿರ ಹಳದಿ ಇದೆ, ಕೆಂಪು ಇದೆ, ಕತ್ತಲೆಯ ಮೇಲೆ ಬೆಳಕನ್ನು ಹಚ್ಚುವ ಅನುಕೂಲವಿದೆ. ಶಾಯಿಯವನ ಬಳಿ ಬೆಳಕೆಂದು ಇರುವುದು ಕಾಗದದ ಬಿಳಿ ಒಂದೇ. ಉರಿ ಎಲ್ಲಿ ಹೆಚ್ಚೋ ಅಲ್ಲಿ ಕುಂಚ ಮುಟ್ಟಬಾರದು. ಸುತ್ತಲಿನ ಗೋಡೆ, ಪಾತ್ರೆ, ಮೈಗಳ ಮೇಲೆ ನೆರಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೂಡಿಸುತ್ತ ಹೋಗಬೇಕು. ಒಮ್ಮೆ ಕಪ್ಪಾದದ್ದು ಮತ್ತೆ ಬಿಳಿಯಾಗುವುದಿಲ್ಲ. ಎಲ್ಲಿ ಕೈ ತಡೆಯಬೇಕೆಂದು ಗೊತ್ತಿರುವವನಿಗೆ ಮಾತ್ರ ಒಲಿಯುವ ಬೆಂಕಿ ಇದು.

ಇನ್ನೊಂದು ವ್ಯತ್ಯಾಸ ನನಗೆ ಇದಕ್ಕಿಂತ ಮುಖ್ಯ. ತೈಲಚಿತ್ರದಲ್ಲಿ ಕಲಾವಿದ ತನಗೆ ಬೇಡವಾದದ್ದನ್ನು ಕತ್ತಲೆಯಲ್ಲಿ ಮುಳುಗಿಸಬಲ್ಲ. ಬೆಂಕಿಯ ಬಂಗಾರದ ವೃತ್ತದೊಳಗೆ ಇಬ್ಬರು ಮಕ್ಕಳ ಮುಖ ಬೆಳಗಿಸಿ, ಮೂಲೆಯ ಆಳುಮಗಳನ್ನು ಕಂದು ಬಣ್ಣದಲ್ಲಿ ಕರಗಿಸಿಬಿಡಬಹುದು. ರೇಖೆಗೆ ಆ ಸೌಕರ್ಯವಿಲ್ಲ. ಅದು ಒಂದು ವಸ್ತುವನ್ನು ಬರೆದರೆ ಪೂರ್ತಿ ಬರೆಯಬೇಕು. ರೋಲಂಡ್‌ಸನ್‌ನ ಲೇಖನಿ ಹೆಂಗಸಿನ ತೋಳು ಬರೆದ ಜೋರಿನಲ್ಲಿಯೇ ನಾಯಿಯ ಬೆನ್ನನ್ನೂ ಬರೆಯುತ್ತದೆ, ಗಾಲಿಯ ಅಂಚನ್ನೂ ಬರೆಯುತ್ತದೆ. ಯಾರೂ ನೆರಳಿನಲ್ಲಿ ಕಳೆದುಹೋಗುವುದಿಲ್ಲ. ಅವನಿಗೆ ಮೃದುವಾದ ದಾರಿ ಗೊತ್ತಿರಲಿಲ್ಲ ಎಂದಲ್ಲ. 1780ರ ದಶಕದಲ್ಲಿ ಅವನು ಗೇನ್ಸ್‌ಬರೋನ ರೇಖಾಚಿತ್ರಗಳನ್ನು ಅನುಸರಿಸಿ ಅಚ್ಚುಗಳನ್ನು ಮಾಡಿದ್ದ. ಗೇನ್ಸ್‌ಬರೋ ಬಡವರ ಗುಡಿಸಲ ಬಾಗಿಲುಗಳನ್ನು ಸಂಜೆಯ ಬೆಳಕಿನಲ್ಲಿ ಅದ್ದಿ ಸುಂದರವಾಗಿಸಿದವನು. ಆ ಚೆಲುವನ್ನು ಹತ್ತಿರದಿಂದ ಕಲಿತೂ ರೋಲಂಡ್‌ಸನ್ ಇಲ್ಲಿ ಅದನ್ನು ಬಳಸಲಿಲ್ಲ.

ಅಚ್ಚಿನ ವಿಧಾನದ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ಚಿತ್ರ ಪುಸ್ತಕಕ್ಕೆ ಹೋದದ್ದು ಅಕ್ವಾಟಿಂಟ್ ಆಗಿ. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದಿದರೆ ಪುಡಿಯ ಕಣಗಳ ನಡುವಿನ ಜಾಗ ಮಾತ್ರ ಕೊರೆದು, ಕುಂಚದ ತೊಳೆತದಂಥ ನೆರಳು ಬರುತ್ತದೆ. ಬ್ರಿಟನ್ನಿನಲ್ಲಿ ಈ ವಿದ್ಯೆಯನ್ನು ಬೆಳಕಿಗೆ ತಂದವನು ಪಾಲ್ ಸ್ಯಾಂಡ್‌ಬಿ. 1775ರಲ್ಲಿ ಅವನು ಹೀಗೆ ಮೊದಲು ಅಚ್ಚು ಹಾಕಿದ್ದೂ ದಕ್ಷಿಣ ವೇಲ್ಸ್‌ನ ನೋಟಗಳನ್ನೇ.

ರೋಲಂಡ್‌ಸನ್ ಹುಟ್ಟಿದ್ದು ಲಂಡನ್ನಿನಲ್ಲಿ. ಅಪ್ಪ ಉಣ್ಣೆ, ರೇಷ್ಮೆ ವ್ಯಾಪಾರಿ. ಮಗ ಇನ್ನೂ ಎಳೆಗೂಸಾಗಿದ್ದಾಗ, 1759ರಲ್ಲಿ, ದಿವಾಳಿಯಾದ. ಹುಡುಗನನ್ನು ಸಾಕಿದವರು ರೇಷ್ಮೆ ನೇಯ್ಗೆಯ ಉದ್ಯಮದಲ್ಲಿದ್ದ ಚಿಕ್ಕಪ್ಪ ಮತ್ತು ಫ್ರೆಂಚ್ ಮೂಲದ ಚಿಕ್ಕಮ್ಮ. 1772ರಲ್ಲಿ ರಾಯಲ್ ಅಕಾಡೆಮಿಯ ಶಾಲೆ ಸೇರಿದ, 1777ರಲ್ಲಿ ಬೆಳ್ಳಿ ಪದಕ ಪಡೆದ. ಚಿಕ್ಕಮ್ಮ ಬಿಟ್ಟುಹೋದ ಹಣವನ್ನು ಜೂಜಿನಲ್ಲಿ ಕಳೆದ. ಕಳೆದ ಮೇಲೆ, ನನ್ನ ಬದುಕಿಗೆ ಈ ಲೇಖನಿ ಇದೆಯಲ್ಲ ಎಂದು ಕೂತು ಬರೆಯುತ್ತಿದ್ದನೆಂದು ಗೆಳೆಯರ ನೆನಪು. ಅವನನ್ನು ಜಗತ್ತು ನೆನಪಿಟ್ಟುಕೊಂಡದ್ದು ವ್ಯಂಗ್ಯಚಿತ್ರಕಾರನೆಂದು. ದಪ್ಪ ಹೊಟ್ಟೆಯ ಜಹಗೀರುದಾರರು, ಕುಡುಕ ಪಾದ್ರಿಗಳು, ಮುದುಕ ಗಂಡ, ಹರೆಯದ ಹೆಂಡತಿ, ಜೂಜುಕಟ್ಟೆ, ಸಂತೆ ಅವನ ಲೋಕ. ವೇಲ್ಸ್‌ನವರೆಂದರೆ ಲಂಡನ್ನಿನ ಅಚ್ಚಿನಂಗಡಿಗಳಲ್ಲಿ ಸಿದ್ಧ ನಗೆಯಿತ್ತು. ಆಡು, ಸುಟ್ಟ ಚೀಸ್, ಲೀಕ್ ಗಿಡ ಸೇರಿಸಿದರೆ ಮುಗಿಯಿತು. ನ್ಯೂಕಾಸಲ್ ಎಮ್ಲಿನ್‌ನ ಅಡುಗೆಮನೆಯಲ್ಲಿ ಆ ನಗೆ ಕೇಳಿಸುವುದಿಲ್ಲ. ಕೆಲಸದಲ್ಲಿ ತೊಡಗಿದ ಮೈಗಳು ಹೇಗೆ ಬಾಗುತ್ತವೆ, ಕೋಣೆಯ ಭಾರ ಎಲ್ಲಿ ಕೂರುತ್ತದೆ ಎಂಬುದರ ಕಡೆಗೇ ಅವನ ಗಮನ. ಆ ದಿನ ಕಣ್ಣ ಮುಂದೆ ಇದ್ದದ್ದು ಅವನಿಗೆ ಸಾಕಾಗಿತ್ತೆಂದು ತೋರುತ್ತದೆ.

ಬೆಂಕಿಯ ಬಗ್ಗೆಯೇ ಹೇಳುವುದಾದರೆ, ವೇಲ್ಸ್‌ನ ಆ ನೈರುತ್ಯ ಭಾಗದಲ್ಲಿ ಸೌದೆಗಿಂತ ಬೇರೆಯಾದ ಉರುವಲು ಇತ್ತು. ಅಲ್ಲಿನ ಗಟ್ಟಿ ಕಲ್ಲಿದ್ದಲಿನ ಪುಡಿಯನ್ನು ಜೇಡಿಮಣ್ಣು, ನೀರಿನೊಂದಿಗೆ ಕಲಸಿ, ಉಂಡೆ ಕಟ್ಟಿ ಒಲೆಗೆ ಇಡುತ್ತಿದ್ದರು. ಬೆರಣಿ ತಟ್ಟುವ ಮನೆಗಳಲ್ಲಿ ಹೇಗೋ ಹಾಗೆ ಕಲಸುವ ಹದ ಹೆಂಗಸರ ಕೈಯಲ್ಲೇ ಇರುತ್ತಿತ್ತು. ಹೊಗೆ ಕಡಿಮೆ, ಕಾವು ನಿಧಾನ. ರಾತ್ರಿ ಮೇಲೆ ಮುಚ್ಚಿಟ್ಟು ಬೆಳಿಗ್ಗೆ ಕೆದಕಿದರೆ ಮತ್ತೆ ಜೀವ. ಹೀಗೆ ತಿಂಗಳುಗಟ್ಟಲೆ ಆರದೆ ಉಳಿದ ಒಲೆಗಳು ಆ ಕಡೆ ಸಾಮಾನ್ಯ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಅಗ್ಗಿಷ್ಟಿಕೆಯೇ ಬದಲಾಗುತ್ತಿತ್ತು. ಕೌಂಟ್ ರಂಫರ್ಡ್ 1796ರಲ್ಲಿ ಪ್ರಬಂಧ ಬರೆದು, ಆಳವಾದ ಹಳೆಯ ಅಗ್ಗಿಷ್ಟಿಕೆಗಳು ಕಾವನ್ನೆಲ್ಲ ಹೊಗೆಗೂಡಿಗೆ ಕಳಿಸುತ್ತವೆ, ಆಳ ಕಡಿಮೆ ಮಾಡಿ ಕುತ್ತಿಗೆ ಕಿರಿದು ಮಾಡಿ ಎಂದು ತೋರಿಸಿದ್ದ. ಗಿಲ್‌ರೇ 1800ರಲ್ಲಿ ರಂಫರ್ಡ್ ತನ್ನ ಒಲೆಗೆ ಬೆನ್ನು ಕೊಟ್ಟು ಸುಖವಾಗಿ ನಿಂತ ವ್ಯಂಗ್ಯಚಿತ್ರ ತೆಗೆದ. ಉಳ್ಳವರ ಮನೆಗಳಲ್ಲಿ ಸರಳು ತಿರುಗಿಸಲು ಗಡಿಯಾರದಂಥ ಯಂತ್ರಗಳೂ, ಹೊಗೆಗೂಡಿನ ಬಿಸಿಗಾಳಿಗೆ ತಿರುಗುವ ರೆಕ್ಕೆಗಳೂ ಬಂದಿದ್ದವು. ನಾಯಿ ಉಳಿದದ್ದು ಅವನ್ನು ಕೊಳ್ಳಲಾಗದ ಕಡೆ, ಅಥವಾ ಕೊಳ್ಳುವ ಅಗತ್ಯ ಕಾಣದ ಕಡೆ. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅಲ್ಲೂ ಕಾಣೆಯಾಯಿತು. ತಳಿಯೇ ಅಳಿಯಿತು. ವೇಲ್ಸ್‌ನ ಆಬರ್‌ಗವೆನಿ ಮ್ಯೂಸಿಯಂನಲ್ಲಿ ವಿಸ್ಕಿ ಎಂಬ ಹೆಸರಿನ ಒಂದು ನಾಯಿಯನ್ನು ಹುಲ್ಲು ತುಂಬಿ ಇಟ್ಟಿದ್ದಾರೆ. ಇಂಗ್ಲೆಂಡಿನ ಲೇಕಾಕ್ ಎಂಬ ಹಳ್ಳಿಯ ತಂಗುಮನೆಯಲ್ಲಿ ಹಳೆಯ ಗಾಲಿ ಇದೆ. ಗಾಲಿ, ನಾಯಿ, ಬೆಂಕಿ, ಜನ ಒಟ್ಟಾಗಿ ಇರುವುದನ್ನು ನೋಡಬೇಕೆಂದರೆ ಈ ಚಿತ್ರಕ್ಕೇ ಬರಬೇಕು. ಅಡುಗೆಯ ಇತಿಹಾಸ ಬರೆಯುವವರು ಇಂದಿಗೂ ಹಾಗೆಯೇ ಬರುತ್ತಾರೆ.

ಈ ಕಲಾವಿದನ ಲೇಖನಿ ನಮ್ಮ ನೆಲವನ್ನೂ ಒಮ್ಮೆ ತಟ್ಟಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಸುಲ್ತಾನ ಮಡಿದ ಸುದ್ದಿ ಕೆಲವು ತಿಂಗಳಲ್ಲಿ ಲಂಡನ್ ತಲುಪಿತು. ಅದೇ ವರ್ಷ ಟಿಪ್ಪುವಿನ ಸಾವು ಮತ್ತು ಅಂತಃಪುರದ ಮುತ್ತಿಗೆಯೆಂಬ ಹೆಸರಿನಲ್ಲಿ ರೋಲಂಡ್‌ಸನ್‌ನ ಒಂದು ಅಚ್ಚು ಹೊರಬಂತು. ಅಂತಃಪುರಕ್ಕೆ ನುಗ್ಗಿದ ಸೈನಿಕರ ದಾಂಧಲೆಯನ್ನು ಮೋಜಾಗಿ ತೋರಿಸುವ, ನೋಡಿದರೆ ಮನಸ್ಸು ಕಹಿಯಾಗುವ ಚಿತ್ರ ಅದು. ಅಲ್ಲಿನ ಒಂದು ಕಂಬವೂ ಒಂದು ಮುಖವೂ ಶ್ರೀರಂಗಪಟ್ಟಣದ್ದಲ್ಲ. ಅವನು ಇಲ್ಲಿಗೆ ಬಂದವನಲ್ಲ. ಲಂಡನ್ನಿಗೆ ಬೇಕಾದದ್ದನ್ನು ಬರೆದ, ಅಂಗಡಿ ಮಾರಿತು. ವೇಲ್ಸ್‌ನ ಅಡುಗೆಮನೆಯ ಹಾಳೆಗೂ ಇದಕ್ಕೂ ನಡುವೆ ಇರುವುದು ಎರಡೇ ವರ್ಷ. ಕೈ ಅದೇ, ರೇಖೆಯ ಬಳುಕು ಅದೇ. ಒಂದರಲ್ಲಿ ಅವನು ಕೋಣೆಯೊಳಗೆ ನಿಂತಿದ್ದ, ಇನ್ನೊಂದರಲ್ಲಿ ನಿಂತಿರಲಿಲ್ಲ. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಪ್ರತಿಭೆ ಎಂಬುದಕ್ಕೆ ನಾನು ಮೊದಲು ಕೊಡುತ್ತಿದ್ದಷ್ಟು ಪೂರ್ಣ ಅಂಕ ಕೊಡಲಾರೆ.

ಇಲ್ಲಿಗೆ ಬಂದು ನಿಂತು ಬರೆದವರೂ ಇದ್ದರು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೇನೆಯ ಜೊತೆಗಿದ್ದ ರಾಬರ್ಟ್ ಹೋಮ್ 1794ರಲ್ಲಿ ಟಿಪ್ಪುವಿನ ಸೀಮೆಯ ನೋಟಗಳ ಪುಸ್ತಕ ತಂದ. ರಾಬರ್ಟ್ ಕೋಲ್‌ಬ್ರೂಕ್ ಮೈಸೂರು ರಾಜ್ಯದ ಹನ್ನೆರಡು ನೋಟಗಳನ್ನು ಪ್ರಕಟಿಸಿದ. ಬೆಂಗಳೂರು ಕೋಟೆ, ಸಾವನದುರ್ಗ, ನಂದಿದುರ್ಗ, ಶ್ರೀರಂಗಪಟ್ಟಣ ಇವೆಲ್ಲ ಆ ಕಾಲದಲ್ಲಿ ಹೇಗೆ ಕಾಣುತ್ತಿದ್ದವೆಂದು ತಿಳಿಯಲು ನಾವು ಇಂದಿಗೂ ಇಂಥ ಹಾಳೆಗಳನ್ನು ತಿರುವುತ್ತೇವೆ. ಸೇನೆಯ ಬೆನ್ನಿಗೆ ಬಂದವರ ಕಣ್ಣು ಬಂಡೆ, ಬುರುಜು, ಕಂದಕದ ಮೇಲಿತ್ತು. ಸಾವನದುರ್ಗದ ಬುಡದ ಹಳ್ಳಿಯಲ್ಲೋ ಬೆಂಗಳೂರಿನ ಪೇಟೆಯಲ್ಲೋ ಅಂದು ಸಂಜೆ ಹೊತ್ತಿಸಿದ ಒಲೆಯ ಒಂದು ಹಾಳೆ ರೋಲಂಡ್‌ಸನ್‌ನ ಅಡುಗೆಮನೆಯಷ್ಟು ನಿಚ್ಚಳವಾಗಿ ನಮಗೆ ಸಿಕ್ಕಿದ್ದರೆ, ಅದಕ್ಕಾಗಿ ಒಂದು ಡಜನ್ ಕೋಟೆಗಳನ್ನು ನಾನು ಸಂತೋಷದಿಂದ ಬಿಟ್ಟುಕೊಡುತ್ತಿದ್ದೆ. ಒಲೆಗೆ ಗುಂಡಿ ಎಷ್ಟು, ಹೊಗೆ ಯಾವ ಕಿಂಡಿಯಿಂದ ಹೋಗುತ್ತಿತ್ತು, ನೆಲುವಿನಲ್ಲಿ ಏನು ತೂಗುತ್ತಿತ್ತು, ಒರಳಿನ ಮುಂದೆ ಕುಳಿತವರು ಯಾರು, ಊದುಗೊಳವೆ ಹಿಡಿದದ್ದು ಯಾವ ವಯಸ್ಸಿನ ಹುಡುಗಿ, ದಂಡು ಊರ ಹತ್ತಿರ ಬಂದಿದೆ ಎಂಬ ಸುದ್ದಿಯ ದಿನ ಮಡಕೆಯಲ್ಲಿ ಬೇಯುತ್ತಿದ್ದದ್ದು ರಾಗಿಯೋ ನವಣೆಯೋ ಎಂದು ಅದನ್ನು ನೋಡಿ ಹೇಳಬಹುದಿತ್ತು.